ಅತ್ತೆ ಅಡಗಿಸಿಟ್ಟ ಡಬ್ಬಿಗಳು

ನನ್ನ ಹೆಂಡತಿಯ ತಾಯಿ, ಅಂದರೆ ನನ್ನ ಅತ್ತೆ, ಪುತ್ತೂರು, ಸುಳ್ಯ, ಕಡಬ ಈ ಮೂರೂ ತಾಲೂಕುಗಳಲ್ಲಿ ಡಬ್ಬಿಗಳನ್ನು ಅಡಗಿಸಿಟ್ಟಿದ್ದಾರೆ. ಗಾಬರಿ ಬೇಡ, ಒಳಗೆ ಚಿನ್ನವಿಲ್ಲ. ಚಿನ್ನವಿದ್ದಿದ್ದರೆ ನಾನು ಹೀಗೆ ಕೂತು ಬರೆಯುತ್ತಿದ್ದೆನೇ? ಹಾರೆ ಹಿಡಿದು ಹೊರಟಿರುತ್ತಿದ್ದೆ! ಒಳಗಿರುವುದು ಒಂದು ಚೀಟಿ, ಒಂದು ತುಂಡು ಪೆನ್ಸಿಲ್, ಮತ್ತೆ ಆ ಹೊತ್ತಿಗೆ ಅತ್ತೆಯ ಕೈಗೆ ಸಿಕ್ಕಿದ ಯಾವುದೋ ಸಣ್ಣ ಸಾಮಾನು. ಎಪ್ಪತ್ತರ ಹತ್ತಿರದ, ಮಂಡಿನೋವಿಗೆ ನನ್ನ ಮೆಡಿಕಲ್ ಶಾಪಿನಿಂದಲೇ ಎಣ್ಣೆ ಒಯ್ಯುವ ಹೆಂಗಸಿಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಕಾರು ಓಡಿಸುವವನಿಗೆ ಅಷ್ಟಾದರೂ ಹಕ್ಕು ಬೇಡವೇ?

ಅತ್ತೆ ಪುತ್ತೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಫೋನಿನ ಹಿಡಿಕೆ ತಿರುಗಿಸಿ, ಆಪರೇಟರಿಗೆ ನಂಬರು ಹೇಳಿ, ಅವರು ತಂತಿ ಚುಚ್ಚಿ ಕೊಟ್ಟರೆ ಮಾತ್ರ ಮಾತಾಡಬಹುದಾಗಿದ್ದ ಕಾಲ ಅದು. ಊರಿಗೆ ಊರೇ ಅವರ ಕಿವಿಯಲ್ಲಿತ್ತು. ಯಾರ ಮನೆಗೆ ಯಾರು ಹುಡುಗಿ ನೋಡಲು ಬರುತ್ತಾರೆ, ಯಾರ ಮಗ ಪರೀಕ್ಷೆಯಲ್ಲಿ ನಪಾಸು, ಎಲ್ಲ ಗೊತ್ತು. “ನೀವು ಕದ್ದು ಕೇಳ್ತಿದ್ರಾ ಅತ್ತೆ?” ಎಂದರೆ, “ಛೆ, ನಾವು ಕೇಳುದಲ್ಲ ಮಾರಾಯ್ರೆ, ಅದು ಕೇಳ್ತದೆ” ಎನ್ನುತ್ತಾರೆ.

ಇದರಿಂದ ಆದದ್ದೇನೆಂದರೆ, ಅತ್ತೆಗೆ ಜನರ ಮುಖ ನೆನಪಿರುವುದಿಲ್ಲ. ಸ್ವರ ನೆನಪಿರುತ್ತದೆ, ನಂಬರು ನೆನಪಿರುತ್ತದೆ. ಮಾರ್ಕೆಟಿನಲ್ಲಿ ಎದುರಿಗೆ ನಿಂತು ನಗುವವರನ್ನು ಅಪರಿಚಿತರಂತೆ ದಾಟಿಹೋಗುತ್ತಾರೆ. ಹಿಂದಿನಿಂದ ಯಾರೋ ಬಸಳೆಗೆ ಚೌಕಾಸಿ ಮಾಡುವುದು ಕೇಳಿದರೆ ಸಾಕು, ಗಕ್ಕನೆ ತಿರುಗಿ “ಓ, ಇಪ್ಪತ್ತೆರಡು! ಸೌಖ್ಯವಾ?” ನಮ್ಮೂರಿನ ಒಬ್ಬ ದೊಡ್ಡ ಡಾಕ್ಟರು ಅತ್ತೆಯ ಪಾಲಿಗೆ ಇಂದಿಗೂ ಬರೀ ಮೂವತ್ತಾರು. ನನ್ನನ್ನು ಅಳಿಯನಾಗಿ ಒಪ್ಪಿದ್ದೂ ಫೋನಿನಲ್ಲಿ ಸ್ವರ ಕೇಳಿಯೇ. ಮುಖ ನೋಡಿದ್ದರೆ ಒಪ್ಪುತ್ತಿದ್ದರೇ ಎಂಬ ಪ್ರಶ್ನೆಯನ್ನು ನನ್ನ ಹೆಂಡತಿ ಆಗಾಗ ಎತ್ತುತ್ತಾಳೆ.

ಡಬ್ಬಿಯ ಹುಚ್ಚು ಶುರುವಾದದ್ದು ನೆಟ್ಟಣದಲ್ಲಿ. ನೆಂಟರನ್ನು ಕರೆತರಲು ನಾನೂ ಅತ್ತೆಯೂ ಅಲ್ಲಿನ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿಗೆ ಹೋಗಿದ್ದೆವು. ರೈಲು ತಡ. ಹೊರಗೆ ಒಬ್ಬ ತರುಣ ಬೆನ್ನಿಗೆ ಮೂಟೆಯಷ್ಟು ದೊಡ್ಡ ಚೀಲ ಹಾಕಿಕೊಂಡು ಕಲ್ಲಿನ ಗೋಡೆಯ ಸಂದಿಗೆ ಕೈ ತೂರಿಸುತ್ತಿದ್ದ.

“ಎಂತ ಮಾರಾಯ ಅಲ್ಲಿ ಹುಡುಕುದು? ಹಾವು ಕಚ್ಚಿದ್ರೆ ಯಾರು ನೋಡುದು?” ಎಂದು ಅತ್ತೆ ಗದರಿದರು. ಅವನು ಪುಣೆಯವನು, ಅರ್ಥವಾಗಲಿಲ್ಲ. ಅತ್ತೆ, ದೂರದೂರಿಗೆ ಲೈನು ಹಾಕಿಕೊಡುತ್ತಿದ್ದ ತಮ್ಮ ಟ್ರಂಕ್ ಕಾಲ್ ಕಾಲದ ಹಿಂದಿಯನ್ನು ಹೊರತೆಗೆದರು. “ಹೋಲ್ಡ್ ಕರೋ! ಕಿಸ್ಕೋ ಮಾಂಗ್ತಾ?” ಅಂದರೆ ತಡೆಯಿರಿ, ಯಾರು ಬೇಕು ಎಂದು. ಪಾಪ, ಅವನು ಎರಡೂ ಕೈ ಮೇಲೆತ್ತಿ ನಿಂತುಬಿಟ್ಟ!

ಆಮೇಲೆ ವಿವರಿಸಿದ. ಇದೊಂದು ಆಟವಂತೆ, ಜಿಯೋಕ್ಯಾಶಿಂಗ್ ಅಂತ. ಯಾರೋ ಒಂದು ಡಬ್ಬಿಯನ್ನು ಎಲ್ಲೋ ಅಡಗಿಸಿ, ಆ ಜಾಗದ ಅಕ್ಷಾಂಶ ರೇಖಾಂಶದ ಅಂಕಿಗಳನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಬೇರೆಯವರು ಫೋನು ಹಿಡಿದು ಹುಡುಕಿಕೊಂಡು ಬರಬೇಕು. ಸಿಕ್ಕಿದರೆ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ಹೇಳುತ್ತ ಹೇಳುತ್ತ ಅವನು ಸಂದಿಯಿಂದ ಒಂದು ಡಬ್ಬಿಯನ್ನು ಎಳೆದೂ ತೋರಿಸಿದ. ಅತ್ತೆ ಡಬ್ಬಿಯನ್ನು ನೋಡಲೇ ಇಲ್ಲ. ಅವರ ಕಣ್ಣು ಇದ್ದದ್ದು ಅವನ ಫೋನಿನ ಅಂಕಿಗಳ ಮೇಲೆ.

“ಅಂದ್ರೆ ಪ್ರತಿ ಜಾಗಕ್ಕೂ ಒಂದೊಂದು ನಂಬರು ಉಂಟಾ?” ಎಂದು ನನ್ನನ್ನು ಕೇಳಿದರು.

“ಉಂಟು ಅತ್ತೆ.”

“ನಮ್ಮ ಮನೆಗೂ?”

“ಅದಕ್ಕೂ ಉಂಟು.”

“ಈಗ ಎಂತದೂ ಇಲ್ಲದ ಜಾಗಕ್ಕೂ?”

“ಜಾಗ ಇದ್ದರೆ ಸಾಕು, ನಂಬರು ಇರ್ತದೆ.”

ಅತ್ತೆ ಸುಮ್ಮನಾದರು. ಅವರು ಸುಮ್ಮನಾದಾಗಲೇ ನಾನು ಹೆದರಬೇಕಿತ್ತು! ರೈಲು ಬಂತು, ನೆಂಟರು ಇಳಿದರು, ಕಾಲಿಗೆ ಬಿದ್ದರು. ಅತ್ತೆ ಅವರನ್ನು ಪ್ರಯಾಣ ಹೇಗಾಯಿತು ಎಂದೂ ಕೇಳದೆ ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟು, “ಇದರಲ್ಲಿ ಅದನ್ನು ಹಾಕಿ ಕೊಡಿ” ಎಂದರು.

ಅಲ್ಲಿಂದ ನನ್ನ ಭಾನುವಾರಗಳು ಅತ್ತೆಯ ಪಾಲಾದವು. ಹಿಂದೆ ಎಲ್ಲೆಲ್ಲಿ ಫೋನು ಇತ್ತೋ ಅಲ್ಲೆಲ್ಲ ಒಂದು ಡಬ್ಬಿ ಇಡಬೇಕೆಂಬುದು ಅವರ ಯೋಜನೆ. “ಊರಿನ ಚರಿತ್ರೆ ಅಂದ್ರೆ ಯಾವ ಅರಸ ಯಾವ ಗುಡ್ಡೆಯಲ್ಲಿ ಯುದ್ಧ ಮಾಡಿದ ಅಂತ ಬರೀತಾರೆ. ಯಾರ ಅಂಗಡಿಯಿಂದ ಯಾರು ಯಾರಿಗೆ ಎಂತ ಹೇಳಿದ್ರು ಅಂತ ಯಾರೂ ಬರೆಯುದಿಲ್ಲ” ಎಂಬುದು ಅವರ ದೂರು. ಹಾಗಾಗಿ ತಾವೇ ಬರೆದರು. ಒಂದು ಬೆರಳಿನಿಂದ ಟೈಪು ಮಾಡಿ, ಪ್ರತಿ ಡಬ್ಬಿಯ ಜೊತೆಗೂ ಆ ಜಾಗದ ಕಥೆಯನ್ನು ಹಾಕಿದರು. ಒಂದರಲ್ಲಿ ಹೀಗಿತ್ತು: “ಇಲ್ಲಿ ಅಕ್ಕಿ ಅಂಗಡಿ ಇತ್ತು. ನಂಬರು ಒಂಬತ್ತು. ಇಡೀ ಬೀದಿಗೆ ಇದೊಂದೇ ಫೋನು. ಯಾರಿಗಾದರೂ ಕಾಲ್ ಬಂದರೆ ಅಂಗಡಿಯವರು ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. ಓಡಿ ಬರುವವರಲ್ಲಿ ಅರ್ಧ ಜನ ಕಾಲ್ ಬಂದವರಲ್ಲ, ಏನು ಸುದ್ದಿ ಎಂದು ತಿಳಿಯಲು ಬಂದವರು.”

ಎಷ್ಟೋ ವಾರ ಯಾರೂ ಬರಲಿಲ್ಲ. ಕೊನೆಗೊಮ್ಮೆ ಯಾರೋ ಒಬ್ಬ ಬೈಕಿನವನು ಅಕ್ಕಿ ಅಂಗಡಿಯ ಡಬ್ಬಿಯನ್ನು ಹುಡುಕಿ ಹಿಡಿದು, ಅಷ್ಟುದ್ದದ ಕಥೆಯ ಕೆಳಗೆ ತನ್ನ ಅಭಿಪ್ರಾಯ ಬರೆದ: “ಸಿಕ್ಕಿತು. ಎದುರಿನ ಹೋಟೆಲಿನ ಬನ್ಸ್ ಚೆನ್ನಾಗಿತ್ತು.” ಅತ್ತೆ ಆ ದಿನ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಅವರಿಗೆ ಬೇಸರವಾದದ್ದು ಬನ್ಸಿನಿಂದಲ್ಲ. ಪ್ರತಿ ಕಥೆಯ ಕೊನೆಗೂ ಅವರು ಒಂದೇ ಮಾತನ್ನು ಬರೆಯುತ್ತಿದ್ದರು: “ಆಗ ಸುಳ್ಯ ಎಕ್ಸ್‌ಚೇಂಜಿನಲ್ಲಿ ಇದ್ದು, ಮದುವೆಯಾಗಿ ಕೆಲಸ ಬಿಟ್ಟುಹೋದ ಆಪರೇಟರ್ ಎಲ್ಲಿದ್ದಾರೆಂದು ಗೊತ್ತಿದ್ದರೆ ದಯವಿಟ್ಟು ತಿಳಿಸಿ.” ಬೈಕಿನವನು ಅದಕ್ಕೆ ಉತ್ತರಿಸಿರಲಿಲ್ಲ.

ವಿಷಯ ಇಷ್ಟು. ಎರಡು ಊರಿನ ಆಪರೇಟರುಗಳು ಲೈನಿನಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಊರಿನ ಹೆಸರೇ ಅವರ ಹೆಸರು. “ಪುತ್ತೂರು, ಊಟ ಆಯ್ತಾ?” “ಆಯ್ತು ಸುಳ್ಯ. ನಿಮ್ಮಲ್ಲಿ ಎಂತ ಸಾರು?” ಹೀಗೆ ಎರಡು ಟ್ರಂಕ್ ಕಾಲುಗಳ ನಡುವಿನ ಬಿಡುವಿನಲ್ಲಿ ವರ್ಷಗಟ್ಟಲೆ ಮಾತು. ಸುಳ್ಯದಲ್ಲಿ ಪಾಳಿಯ ಮೇಲೆ ಬೇರೆ ಬೇರೆಯವರು ಕೂರುತ್ತಿದ್ದರು. ಆದರೆ ಅತ್ತೆಗೆ ಸುಳ್ಯ ಅಂದರೆ ಒಬ್ಬಳೇ, ಉಳಿದವರೆಲ್ಲ ‘ಸುಳ್ಯದ ಬೇರೆಯವರು’. ಎರಡು ಊರಿಗೂ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆದರೂ ಇವರಿಗೆ ರಜೆ ಸಿಕ್ಕಿದರೆ ಅವರಿಗೆ ಡ್ಯೂಟಿ, ಅವರಿಗೆ ರಜೆ ಸಿಕ್ಕಿದರೆ ಇವರಿಗೆ. ಒಮ್ಮೆಯೂ ಮುಖ ನೋಡಲಿಲ್ಲ. ಒಂದು ದಿನ ಲೈನಿನಲ್ಲಿ ಬೇರೆ ಸ್ವರ ಬಂತು, ಅಷ್ಟೇ.

“ಹೆಸರಾದರೂ ಗೊತ್ತಿಲ್ವಾ ಅತ್ತೆ?” ಎಂದೆ.

“ಗೊತ್ತಿಲ್ಲದೆ ಎಂತ? ಆ ಹೆಸರಿನವರು ಸುಳ್ಯದಲ್ಲಿ ಕಲ್ಲು ಬಿಸಾಡಿದಲ್ಲೆಲ್ಲ ಇದ್ದಾರೆ!”

ನಮ್ಮ ಕಡೆ ಏನಾದರೂ ಕಳೆದುಹೋದರೆ ಕೊರಗಜ್ಜ ಎಂಬ ದೈವಕ್ಕೆ ಚಕ್ಕುಲಿ, ವೀಳ್ಯದ ಹರಕೆ ಹೇಳಿಕೊಳ್ಳುವುದು ವಾಡಿಕೆ. “ಅಜ್ಜನಿಗೆ ಹೇಳಿ ಅಮ್ಮ, ಸಿಗ್ತಾರೆ” ಎಂದಳು ನನ್ನ ಹೆಂಡತಿ. ಅತ್ತೆ ಚಿಂತೆಯಿಂದ, “ಗುರುತು ಎಂತ ಹೇಳುದು? ನಾನೇ ಮುಖ ನೋಡಿದ್ದಿಲ್ಲ. ಅಜ್ಜ ಯಾರನ್ನಾದ್ರೂ ತಂದು ನಿಲ್ಲಿಸಿದ್ರೆ ಬೇಡ ಅಂತ ಹೇಳ್ಲಿಕ್ಕೆ ಆಗ್ತದಾ?” ಎಂದರು.

ಪುತ್ತೂರಿನ ಹತ್ತಿರದ ಸವಣೂರಿನಲ್ಲಂತೂ ನಾವು ಪೆಟ್ಟು ತಿನ್ನುವುದು ಸ್ವಲ್ಪದರಲ್ಲಿ ತಪ್ಪಿತು. ಅಲ್ಲಿ ಒಂದು ಹಳೆಯ ಜಿನಸಿ ಅಂಗಡಿ ಉಂಟು. ಅದರ ಮೆಟ್ಟಿಲ ಕಲ್ಲಿನ ಸಂದಿಯಲ್ಲಿ ಅತ್ತೆ ಒಂದು ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ಇಟ್ಟು ಬಂದಿದ್ದರು. ಮುಚ್ಚಳ ಕಳಚದಿರಲಿ ಎಂದು ಅದಕ್ಕೊಂದು ಕೆಂಪು ನೂಲು ಸುತ್ತಿದ್ದರು. ಒಳಗೆ ಒಂದು ಗಾಜಿನ ಬಳೆ. ಮತ್ತೆ ಜಾಗದ ಅಂಕಿಗಳನ್ನು ಸಾಲಾಗಿ ಬರೆದ ಚೀಟಿ. ಈಗ ನೀವೇ ಹೇಳಿ, ನಿಮ್ಮ ಹೊಸ್ತಿಲ ಬುಡದಲ್ಲಿ ಕೆಂಪು ನೂಲು ಸುತ್ತಿದ ಡಬ್ಬಿ, ಬಳೆ, ಅಂಕಿ ಬರೆದ ಕಾಗದ ಸಿಕ್ಕಿದರೆ ನೀವು ಜಿಯೋಕ್ಯಾಶಿಂಗ್ ಎಂದು ತಿಳಿಯುತ್ತೀರೋ, ಮಾಟ ಎಂದು ತಿಳಿಯುತ್ತೀರೋ?

ಮುಂದಿನ ಭಾನುವಾರ ನಾವು ಡಬ್ಬಿಯ ಯೋಗಕ್ಷೇಮ ವಿಚಾರಿಸಲು ಹೋದಾಗ ಅಂಗಡಿಯ ಮುಂದೆ ಜನವೋ ಜನ. ಅಂಗಡಿಯ ಮುದುಕರು ಜೋಯಿಸರಲ್ಲಿಗೆ ಹೋಗಿ ಪ್ರಶ್ನೆ ಇಡಿಸಿ ಬಂದಿದ್ದರು. “ಪಡುವಣ ದಿಕ್ಕಿನಿಂದ ಬಂದ ವಯಸ್ಸಾದ ಹೆಂಗಸು ಇಟ್ಟದ್ದು, ಜೊತೆಗೆ ಒಬ್ಬ ಗಂಡಸು ಇದ್ದ ಅಂತ ಕವಡೆಯಲ್ಲಿ ಬಂದಿದೆ” ಎಂದು ಎಲ್ಲರಿಗೂ ಹೇಳುತ್ತಿದ್ದರು. ಪುತ್ತೂರು ಇರುವುದು ಸವಣೂರಿಗೆ ಪಡುವಣದಲ್ಲೇ. ಜ್ಯೋತಿಷ್ಯದಲ್ಲಿ ನನಗೆ ನಂಬಿಕೆ ಹುಟ್ಟಿದ್ದು ಆ ಕ್ಷಣದಲ್ಲಿ!

“ಅತ್ತೆ, ಕಾರು ಹತ್ತಿ” ಎಂದು ಪಿಸುಗುಟ್ಟಿದೆ. ಅವರು ಜನರನ್ನು ಸರಿಸಿಕೊಂಡು ನೇರ ಮುದುಕರ ಎದುರು ನಿಂತು, “ಅದನ್ನು ಇಟ್ಟದ್ದು ನಾನು” ಎಂದರು. ನಾನು ಇಷ್ಟದೇವರನ್ನೆಲ್ಲ ನೆನೆದೆ.

ಮುದುಕರು ಬಾಯಿ ತೆರೆದರು, ಆದರೆ ಬೈಯಲಿಲ್ಲ. ತಲೆ ಓರೆ ಮಾಡಿ, “ಇನ್ನೊಮ್ಮೆ ಹೇಳಿ?” ಎಂದರು.

“ಇಟ್ಟದ್ದು ನಾನು ಅಂತ ಹೇಳಿದ್ದು. ನೀವು ಹದಿನೇಳು ಅಲ್ವಾ?”

“ಪುತ್ತೂರು ಎಕ್ಸ್‌ಚೇಂಜು!” ಮುದುಕರು ಕೂಗಿಯೇ ಬಿಟ್ಟರು. “ಬೊಂಬಾಯಿ ಲೈನು ಈಗ ಸಿಗ್ತದೆ, ಈಗ ಸಿಗ್ತದೆ ಅಂತ ಹೇಳಿ ನನ್ನನ್ನು ಬೆಳಗ್ಗಿನಿಂದ ಸಂಜೆಯವರೆಗೆ ಕೂರಿಸಿದ್ದು ನೀವೇ ಅಲ್ವಾ! ಓಯ್, ಇವರಿಗೊಂದು ಕುರ್ಚಿ ಕೊಡಿ!”

ಜನರೆಲ್ಲ ನಿರಾಶರಾಗಿ ಚದುರಿದರು. ನಮಗೆ ಲಿಂಬೆ ಶರಬತ್ತು ಸಿಕ್ಕಿತು. ಆ ಡಬ್ಬಿ ಈಗ ಸಂದಿಯಲ್ಲಿಲ್ಲ, ಅಂಗಡಿಯೊಳಗೆ ದೇವರ ಫೋಟೋದ ಕೆಳಗೆ ಉಂಟು. ಯಾರಾದರೂ ಫೋನು ಹಿಡಿದುಕೊಂಡು ಮೆಟ್ಟಿಲಲ್ಲಿ ಬಗ್ಗಿದರೆ ಸಾಕು, ಮುದುಕರು “ಅಲ್ಲಲ್ಲ ಮಾರಾಯ, ಇಲ್ಲಿ ಉಂಟು, ತಕೋ” ಎಂದು ತಾವೇ ತೆಗೆದು ಕೊಡುತ್ತಾರಂತೆ. ಆಟದ ನಿಯಮ ಏನಾಯಿತು ಎಂದು ಮಾತ್ರ ಕೇಳಬೇಡಿ.

ಮಡಿಕೇರಿ ರಸ್ತೆಯ ಅರಂತೋಡಿಗೆ ಹೋದ ಭಾನುವಾರ ಅತ್ತೆ ಬೇರೆಯೇ ಆಗಿದ್ದರು. ಸುಳ್ಯ ದಾಟಿದರೂ ಒಂದು ಮಾತಿಲ್ಲ. “ಎಂತ ಅತ್ತೆ, ಲೈನ್ ಡೆಡ್ಡಾ?” ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. ರಸ್ತೆ ಬದಿಯ ಒಂದು ಚಹಾದಂಗಡಿ ತೋರಿಸಿ, “ಅಲ್ಲಿ ನಿಲ್ಲಿಸಿ. ನಿಮ್ಮ ಮಾವ ಹೋದದ್ದು ಇಲ್ಲಿ” ಎಂದರು.

ಮಾವನನ್ನು ನಾನು ಕಂಡವನಲ್ಲ. ನನ್ನ ಹೆಂಡತಿ ತೊಟ್ಟಿಲಲ್ಲಿದ್ದಾಗಲೇ ಹೋದವರು. ಹೇಗೆ, ಎಲ್ಲಿ ಎಂದು ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅತ್ತೆ ಕಾರಿನಲ್ಲಿ ಕೂತೇ ಹೇಳಿದರು.

“ಮಡಿಕೇರಿಗೆ ಹೊರಟವರು ಇಲ್ಲಿ ಬಸ್ಸಿನಿಂದ ಇಳಿದ್ರಂತೆ. ಎದೆ ನೋವು ಅಂದ್ರಂತೆ. ಅಷ್ಟೇ. ಇಲ್ಲಿಯವರು ಸುಳ್ಯಕ್ಕೆ ಫೋನ್ ಮಾಡಿ, ಪುತ್ತೂರು ಎಕ್ಸ್‌ಚೇಂಜಿನಲ್ಲಿ ಇವರ ಹೆಂಡತಿ ಇದ್ದಾರಂತೆ, ಲೈನ್ ಕೊಡಿ ಅಂದ್ರು. ಸುಳ್ಯ ಕೊಡ್ಲಿಲ್ಲ.”

“ಕೊಡಲಿಲ್ವಾ?”

“ಇಲ್ಲ. ಎಲ್ಲ ತಾನು ಕೇಳಿಕೊಂಡು, ತಾನೇ ಲೈನಿಗೆ ಬಂದಳು. ಪುತ್ತೂರು, ಹತ್ತಿರ ಯಾರಾದ್ರೂ ಇದ್ದಾರಾ ಅಂತ ಕೇಳಿದಳು. ಯಾರೂ ಇಲ್ಲ ಅಂದೆ. ಹಾಗಾದ್ರೆ ನಾನಿದ್ದೇನೆ ಅಂದಳು. ಮತ್ತೆ ವಿಷಯ ಹೇಳಿದಳು.” ಅತ್ತೆ ಸೆರಗಿನಿಂದ ಕನ್ನಡಕ ಒರೆಸಿದರು. “ನನ್ನ ಜಾಗಕ್ಕೆ ಇನ್ನೊಬ್ಬರು ಬರುವವರೆಗೆ ಅವಳು ಲೈನು ಬಿಡ್ಲಿಲ್ಲ. ಬೋರ್ಡಿನಲ್ಲಿ ಕಾಲ್ ಬರ್ತಾ ಇತ್ತು, ನಾವಿಬ್ಬರೂ ಎತ್ತಲಿಲ್ಲ. ಎರಡು ಊರಿನವರೂ ಎಷ್ಟು ಬೈದಿರಬಹುದು!”

“ಎಂತ ಮಾತಾಡಿದ್ರಿ ಅಷ್ಟು ಹೊತ್ತು?”

“ಎಂತದೂ ಇಲ್ಲ. ಅವಳು ಉಸಿರಾಡುದು ಕೇಳ್ತಾ ಇತ್ತು.”

ಭಾನುವಾರ ಹಾಳಾಯಿತೆಂದು ಇಷ್ಟು ದಿನ ಗೊಣಗಿದವನು ನಾನು. ಇಳಿದು ಹೋಗಿ ಎರಡು ಚಹಾ ಹೇಳಿದೆ.

ಅಂಗಡಿಯಲ್ಲಿದ್ದವರು ಆಗಿನ ಯಜಮಾನರ ಮಗ. ಅಂಗಳದ ಮೂಲೆಯಲ್ಲಿ ಹಳೆಯ ಟೆಲಿಫೋನಿನ ಕಬ್ಬಿಣದ ಕಂಬ ಇನ್ನೂ ಉಂಟು, ಅದಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ. ಅತ್ತೆ ಅದರ ಬುಡದಲ್ಲಿ ನಿಂತು ಬಳ್ಳಿಯ ನಡುವೆ ಕೈ ಹಾಕಿ ಕಂಬವನ್ನು ಮುಟ್ಟಿದರು. ಯಾಕೆಂದು ನಾನು ಅಂಗಡಿಯವರಿಗೆ ಹೇಳಬೇಕಾಯಿತು. ಕೇಳಿ ಅವರು ಕೈ ಒರೆಸಿಕೊಂಡು ಅಂಗಳಕ್ಕೆ ಬಂದರು.

“ಅಪ್ಪ ಹೇಳ್ತಿದ್ರು” ಎಂದರು. “ಅದಾಗಿ ಕೆಲವು ದಿನ ಕಳೆದು ಸುಳ್ಯದ ಫೋನಿನಕ್ಕ ಬಸ್ಸಿನಲ್ಲಿ ಇಲ್ಲಿಗೆ ಬಂದಿದ್ರಂತೆ. ತೀರಿಹೋದವರು ಎಲ್ಲಿ ಕೂತಿದ್ರು, ಕಡೆಗೆ ನೀರು ಕೊಟ್ಟದ್ದು ಯಾರು ಅಂತ ಎಲ್ಲ ಕೇಳಿಕೊಂಡು ಹೋದ್ರಂತೆ. ಈಗ ಆ ಅಕ್ಕ ಕಡಬದಲ್ಲಿ ಇದ್ದಾರೆ. ನನ್ನ ಹೆಂಡತಿಯ ಚಿಕ್ಕಮ್ಮನ ನೆರೆಮನೆ. ನಂಬರು ಕೊಡ್ಲಾ?”

ಇಷ್ಟು ದಿನ ಮೂರು ತಾಲೂಕು ಸುತ್ತಿದ್ದು ಇದಕ್ಕೇ ಅಲ್ಲವೇ! ನಾನು ಆತುರದಿಂದ ಫೋನು ತೆಗೆದೆ. ಅತ್ತೆ ನನ್ನ ಕೈ ಹಿಡಿದರು.

“ನಂಬರು ಬೇಡ. ಜಾಗ ಹೇಳಿ. ಸ್ವರ ಎಷ್ಟೋ ಕೇಳಿಯಾಗಿದೆ. ನನಗೆ ಮುಖ ನೋಡ್ಬೇಕು.”

ಕಡಬಕ್ಕೆ ಹೋದ ದಿನ ಅತ್ತೆ ಮದುವೆಗೆ ಉಡುವ ಸೀರೆ ಉಟ್ಟಿದ್ದರು. ದಾರಿಯುದ್ದಕ್ಕೂ ಸುಳ್ಯದ ವರ್ಣನೆ. “ತೆಳ್ಳಗೆ ಇರ್ತಾಳೆ. ಉದ್ದ ಜಡೆ. ಸ್ವರದಲ್ಲಿ ಗೊತ್ತಾಗ್ತದೆ ಮಾರಾಯ್ರೆ.” ಬಾಗಿಲು ತೆರೆದದ್ದು ಗುಂಡಗಿನ, ಗಿಡ್ಡನೆಯ, ಕೂದಲನ್ನು ಚಿಕ್ಕದಾಗಿ ಕತ್ತರಿಸಿಕೊಂಡ ಒಬ್ಬ ಅಜ್ಜಿ! ಅವರೂ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದರು. ಅವರ ತಲೆಯೊಳಗಿನ ಪುತ್ತೂರು ಹೇಗಿತ್ತೋ ಯಾರಿಗೆ ಗೊತ್ತು. ನಾನು ಪರಿಚಯ ಹೇಳಿದೆ. “ಓ” ಎಂದರು ಅವರು. “ಹೌದು” ಎಂದರು ಅತ್ತೆ.

ಒಳಗೆ ಸೋಫಾದಲ್ಲಿ ಎದುರುಬದುರು ಕೂತರು. ಅಷ್ಟು ವರ್ಷ ಎಡೆಬಿಡದೆ ಮಾತಾಡಿದವರು ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಸಿಕ್ಕಿದ ಅಪರಿಚಿತರ ಹಾಗೆ, “ನಿಮಗೆ ಶುಗರ್ ಉಂಟಾ?” “ಇಲ್ಲ, ಬಿಪಿ.” “ಬಿಸಿಲು ಜೋರಲ್ವಾ?” “ಹೌದು, ಈ ಸಲ ಜೋರು.” ಒಬ್ಬರು ಕಿಟಕಿ ನೋಡುತ್ತಾರೆ, ಇನ್ನೊಬ್ಬರು ಕ್ಯಾಲೆಂಡರ್ ನೋಡುತ್ತಾರೆ. ಮುಖ ಮುಖ ನೋಡಿದರೆ ಇಬ್ಬರಿಗೂ ಮಾತು ನಿಲ್ಲುತ್ತದೆ. ಮಧ್ಯದಲ್ಲಿ ಕೂತ ನಾನು ತಟ್ಟೆಯಲ್ಲಿದ್ದ ಚಕ್ಕುಲಿಯನ್ನೆಲ್ಲ ಒಬ್ಬನೇ ಮುಗಿಸಿದೆ. ಹೊರಡುವಾಗ ಮರ್ಯಾದೆಗೆಂದು ಫೋನ್ ನಂಬರು ಕೊಟ್ಟು ತೆಗೆದು ಮಾಡಿದರು. “ಬರ್ತಾ ಇರಿ.” “ನೀವೂ ಬನ್ನಿ.”

ಕಾರಿನಲ್ಲಿ ಕೂತು ಅತ್ತೆ ಬೆಲ್ಟ್ ಹಾಕಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, “ಅವಳಲ್ಲ” ಎಂದರು.

“ಅವರೇ ಅತ್ತೆ. ಚಹಾದಂಗಡಿಯವರು ಹೇಳಿದ ಮನೆ ಇದೇ ಅಲ್ವಾ.”

“ಅವರೇ ಇರಬಹುದು. ನನ್ನ ಸುಳ್ಯ ಅಲ್ಲ. ಆ ಮುಖ ಎದುರಿಗಿದ್ರೆ ನನಗೆ ಸ್ವರವೇ ಕೇಳುದಿಲ್ಲ. ಬರಲೇಬಾರದಿತ್ತು, ಹೋಗುವ.”

ಅತ್ತೆಯ ಮುಖ ಅಷ್ಟು ಸಣ್ಣದಾದದ್ದನ್ನು ನಾನು ನೋಡಿರಲಿಲ್ಲ. ಕೀಲಿ ತಿರುಗಿಸಿದೆ. ಅಷ್ಟರಲ್ಲಿ ಅತ್ತೆಯ ಫೋನು ಬಡಿದುಕೊಂಡಿತು. ಅದು ಕಾರಿನ ಸ್ಪೀಕರಿಗೆ ತಾನಾಗಿ ಸೇರಿಕೊಳ್ಳುತ್ತದೆ, ಹಾಗಾಗಿ ಸ್ವರ ಇಡೀ ಕಾರನ್ನು ತುಂಬಿತು.

“ಪುತ್ತೂರು?”

ಅತ್ತೆಯ ಬೆನ್ನು ನೆಟ್ಟಗಾಯಿತು. “ಸುಳ್ಯ!”

“ಎದುರು ಕೂತ್ರೆ ನನಗೆ ಎಂತದೂ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ನೀವು ಯಾರೋ ಅಂತ ಆಗ್ತದೆ. ಹೊರಟ್ರಾ?”

“ಇಲ್ಲ. ಇಲ್ಲೇ ಗೇಟಿನ ಹತ್ತಿರ ಇದ್ದೇನೆ.”

“ಹಾಗಾದ್ರೆ ಅಲ್ಲೇ ಇರಿ.” ನಾನು ತಿರುಗಿ ನೋಡಿದೆ. ಅವರು ಜಗಲಿಯಲ್ಲಿ ನಮಗೆ ಬೆನ್ನು ಹಾಕಿ, ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು ನಿಂತಿದ್ದರು. “ಒಂದು ವಿಷಯ ಕೇಳ್ಲಿಕ್ಕೆ ಉಂಟು. ಅವತ್ತು ನಿಮ್ಮ ಜಾಗಕ್ಕೆ ಬೇರೆಯವರು ಬಂದ ಮೇಲೆ ಲೈನು ಹೋಯ್ತು. ಮತ್ತೆ ನಿಮ್ಮ ಹತ್ತಿರ ಕೇಳುವ ಧೈರ್ಯ ನನಗೆ ಬರ್ಲಿಲ್ಲ. ಅವತ್ತು ನೀವು ಮನೆಗೆ ಹೇಗೆ ಹೋದ್ರಿ? ಒಬ್ಬರೇ ನಡ್ಕೊಂಡು ಹೋದ್ರಾ, ಯಾರಾದ್ರೂ ಜೊತೆಗೆ ಬಂದ್ರಾ? ನಾನು ಇಷ್ಟು ವರ್ಷ ಅದನ್ನೇ ಯೋಚಿಸಿದ್ದು ಪುತ್ತೂರು.”

ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಳುತ್ತಲೇ ಹೇಳಲು ಶುರು ಮಾಡಿದರು. “ಒಬ್ಬಳೇ ಹೋದೆ ಸುಳ್ಯ. ಮಳೆ ಬರ್ತಾ ಇತ್ತು...”

ನಾನು ಸದ್ದಾಗದಂತೆ ಕಾರಿನಿಂದ ಇಳಿದು ಬಾಗಿಲು ಹಾಕಿದೆ.